ನೀಲಿ ಹರಳಿನ ಚೆಂದ ಯಾರಿಗೆ?

ಅನ್ನದೊಳಗೆ ಒಂದು ಹರಳು ಸಿಕ್ಕರೆ ಸಾಕು, ಊಟಕ್ಕೆ ಕೂತವರ ಕಣ್ಣೆಲ್ಲ ಅಡಿಗೆಮನೆಯ ಕಡೆಗೆ ತಿರುಗುತ್ತವೆ. ಅಕ್ಕಿ ಬೆಳೆದವರು ಯಾರು, ಗಿರಣಿ ಯಾವುದು, ತೂಗಿ ಕೊಟ್ಟ ಅಂಗಡಿಯವ ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ ಮಾತು: "ಹಸನು ಮಾಡಿದವರು ಯಾರು?" ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಹೆಣ್ಣುಮಕ್ಕಳು ನಾವು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಕೇರಿ, ಹರಳು ಆರಿಸಿ ಬೆಳೆದವರು. ಯಾವುದು ಕಾಳು, ಯಾವುದು ಕಲ್ಲು ಎಂಬುದು ನಮ್ಮ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಇಂಥ ನಾವೇ ಇವತ್ತು, ಗಾಜಿನ ತೊಟ್ಟಿಯಲ್ಲಿ ಸಾಕಿದ ಮೂಕಜೀವದ ಊಟದ ತಟ್ಟೆಗೆ ಕಿಲೋಗಟ್ಟಲೆ ಹರಳು ಸುರಿಯುತ್ತಿದ್ದೇವೆ. ಅದಕ್ಕೆ ಕೈಯಿಂದ ರೊಕ್ಕವನ್ನೂ ಕೊಡುತ್ತಿದ್ದೇವೆ. ಈ ಬರಹ ಆ ಹರಳಿನ ಮೇಲೆ ನನಗಿರುವ ಸಿಟ್ಟು.

ಊರಲ್ಲಿ ಈಗ ಮನೆ ಕಟ್ಟಿಸಿದವರ ಹಾಲಿನಲ್ಲಿ ಟಿ.ವಿ.ಯ ಪಕ್ಕಕ್ಕೊಂದು ಮೀನಿನ ತೊಟ್ಟಿ ಇರಲೇಬೇಕು ಎನ್ನುವಂತಾಗಿದೆ. ಕೆಲವರಿಗೆ ಅದು ವಾಸ್ತು, ಕೆಲವರಿಗೆ ಶೋಕಿ, ಕೆಲವರಿಗೆ ಮಕ್ಕಳ ಹಟ. ಬಂಗಾರದ ಮೀನು ಬಂದು ಹಳೆಯದಾಯಿತು. ಈಗ ಮಕ್ಕಳ ಬಾಯಲ್ಲಿ ಹೊಸ ಹೆಸರೊಂದು ಓಡಾಡುತ್ತಿದೆ: ಆಕ್ಸೊಲಾಟಲ್. ಮೈನ್‌ಕ್ರಾಫ್ಟ್ ಎಂಬ ಆಟದೊಳಗೆ 2021ರಲ್ಲಿ ಈ ಪ್ರಾಣಿಯನ್ನು ಸೇರಿಸಿದರು. ಅಲ್ಲಿಂದ ಅದು ಮಕ್ಕಳ ಚೀಲ, ಪೆನ್ಸಿಲ್ ಡಬ್ಬಿ, ಅಂಗಿಯ ಮೇಲೆಲ್ಲ ಹತ್ತಿಕೊಂಡಿತು. ಈಗ ದೊಡ್ಡ ಪಟ್ಟಣಗಳ ಮೀನಿನಂಗಡಿಗಳಿಂದ ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ನಮ್ಮ ಕಡೆಯ ಮನೆಗಳಿಗೂ ಬರತೊಡಗಿದೆ.

ನೋಡದವರಿಗೆ ಹೇಳುತ್ತೇನೆ. ಅದು ಮೀನಲ್ಲ, ಕಪ್ಪೆಯ ದೂರದ ನೆಂಟ. ಗೇಣಿಗಿಂತ ಸ್ವಲ್ಪ ಉದ್ದ, ನಾಲ್ಕು ಪುಟ್ಟ ಕಾಲು, ಕುತ್ತಿಗೆಯ ಎರಡೂ ಕಡೆ ಗರಿಯಂಥ ಮೂರು ಮೂರು ಕಿವಿರು. ಯಾವಾಗಲೂ ನಗುತ್ತಿರುವಂಥ ಬಾಯಿ. ಕಪ್ಪೆಯ ಮರಿ ಬೆಳೆದು ಬಾಲ ಕಳಚಿ ನೆಲಕ್ಕೆ ಬರುತ್ತದಲ್ಲ, ಇದು ಹಾಗೆ ಬರುವುದಿಲ್ಲ. ಮರಿಯ ರೂಪದಲ್ಲೇ ದೊಡ್ಡದಾಗಿ, ನೀರಿನಲ್ಲೇ ಮೊಟ್ಟೆಯಿಟ್ಟು, ನೀರಿನಲ್ಲೇ ಮುದಿಯಾಗುತ್ತದೆ. ಕಾಲು ಕಡಿದರೆ ಕಾಲು ಮತ್ತೆ ಚಿಗುರುತ್ತದೆ. ಈ ಗುಟ್ಟು ತಿಳಿಯಲೆಂದೇ ವಿಜ್ಞಾನಿಗಳು ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಇದರ ಬೆನ್ನು ಹತ್ತಿದ್ದಾರೆ. 1864ರಲ್ಲಿ ಮೆಕ್ಸಿಕೋದಿಂದ 34 ಆಕ್ಸೊಲಾಟಲ್‌ಗಳು ಪ್ಯಾರಿಸಿಗೆ ಬಂದವು. ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬೆಳೆದ ಬಹುಪಾಲು ಆಕ್ಸೊಲಾಟಲ್‌ಗಳ ವಂಶ ಆ ಗುಂಪಿಗೇ ಹೋಗಿ ಮುಟ್ಟುತ್ತದೆ.

ಅದರ ತವರುಮನೆಯ ಕಥೆಯನ್ನು ಮಾತ್ರ ಕೇಳಬಾರದು. ಮೆಕ್ಸಿಕೋ ನಗರದ ದಕ್ಷಿಣಕ್ಕೆ ಸೊಚಿಮಿಲ್ಕೊ ಎಂಬ ಕೆರೆ, ಕಾಲುವೆಗಳ ನಾಡಿದೆ. ಈ ಪ್ರಾಣಿ ಹುಟ್ಟಿದ್ದು ಅಲ್ಲಿನ ತಣ್ಣಗಿನ ನೀರಿನಲ್ಲಿ, ಮೆತ್ತನೆಯ ಕೆಸರಿನ ಮೇಲೆ. 1998ರ ಎಣಿಕೆಯಲ್ಲಿ ಅಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2008ರ ಹೊತ್ತಿಗೆ ಅದು 100ಕ್ಕೆ ಇಳಿಯಿತು. 2014ರಲ್ಲಿ ಸುಮಾರು 36. ಊರಿನ ಹೊಲಸು ನೀರು ಒಂದು ಕಡೆ, ಜನರ ಹೊಟ್ಟೆ ತುಂಬಲೆಂದು ತಂದು ಬಿಟ್ಟ ತಿಲಾಪಿಯಾ, ಗೆಂಡೆ ಜಾತಿಯ ಮೀನುಗಳು ಇನ್ನೊಂದು ಕಡೆ. ಎರಡೂ ಸೇರಿ ಅದರ ಮನೆಯನ್ನು ತೆಗೆದುಬಿಟ್ಟವು. ಮೆಕ್ಸಿಕೋ ದೇಶ 2021ರಲ್ಲಿ ತನ್ನ 50 ಪೆಸೊ ನೋಟಿನ ಮೇಲೆ ಇದರ ಚಿತ್ರ ಅಚ್ಚು ಹಾಕಿತು. ನೋಟಿನ ಮೇಲೆ ಜಾಗ ಸಿಕ್ಕಿತು, ಕೆರೆಯೊಳಗೆ ಸಿಗಲಿಲ್ಲ.

ಇಂಥದೊಂದು ಜೀವ ಅಷ್ಟು ದೂರದಿಂದ ನಮ್ಮ ಹಾಲಿಗೆ ಬಂದಾಗ ನಾವು ಮೊದಲು ಯೋಚಿಸುವುದು ಏನನ್ನು? ಸೋಫಾದ ಬಣ್ಣಕ್ಕೆ ಹೊಂದುವ ಹರಳು ಯಾವುದು ಎಂಬುದನ್ನು! ಅಂಗಡಿಯಲ್ಲಿ ನೀಲಿ, ಗುಲಾಬಿ, ಹಸಿರು, ಕಿತ್ತಳೆ ಎಂದು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಜೋಡಿಸಿಟ್ಟಿರುತ್ತಾರೆ. ಒಂದೊಂದು ಹರಳು ತೊಗರಿಬೇಳೆಯಿಂದ ಹಿಡಿದು ಕಡಲೆಕಾಳಿನಷ್ಟು. ಲೈಟು ಹಾಕಿದರೆ ಮಿರಿಮಿರಿ ಮಿಂಚುತ್ತದೆ. ನೋಡಲು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಚೆಂದ ಯಾರಿಗೆ?

ಆಕ್ಸೊಲಾಟಲ್ ಉಣ್ಣುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅದಕ್ಕೆ ಕಣ್ಣು ಮಂದ. ವಾಸನೆಯಿಂದ, ನೀರಿನ ಅಲುಗಾಟದಿಂದ ಆಹಾರ ಎಲ್ಲಿದೆ ಎಂದು ಅಂದಾಜು ಮಾಡುತ್ತದೆ. ಹತ್ತಿರ ಬಂದ ಕೂಡಲೇ ಬಾಯನ್ನು ಫಕ್ಕನೆ ತೆರೆಯುತ್ತದೆ. ಆ ರಭಸಕ್ಕೆ ನೀರೂ ಎರೆಹುಳವೂ ಸುತ್ತ ಬಿದ್ದದ್ದೂ ಎಲ್ಲ ಒಟ್ಟಿಗೆ ಒಳಗೆ ಹೋಗುತ್ತದೆ. ಅದರ ಹಲ್ಲು ಅಗಿಯುವ ಹಲ್ಲಲ್ಲ, ಹಿಡಿಯಲು ಮಾತ್ರ ಆಗುವಂಥವು. ನಮ್ಮ ಹಾಗೆ ನಾಲಿಗೆಯ ಮೇಲೆ ಹೊರಳಿಸಿ "ಥೂ, ಹರಳು" ಎಂದು ಉಗುಳುವ ಅಭ್ಯಾಸ ಅದಕ್ಕೆ ಸರಿಯಾಗಿ ಇಲ್ಲ. ತೊಟ್ಟಿಯ ತಳದಲ್ಲಿ ಹರಳಿದ್ದರೆ ಇವತ್ತಲ್ಲ ನಾಳೆ ನುಂಗುತ್ತದೆ. ನುಂಗಿದ ಹರಳು ಕರುಳಿನ ತಿರುವಿನಲ್ಲಿ ಕೂತುಬಿಟ್ಟರೆ ಹಿಂದಿನದು ಮುಂದೆ ಹೋಗುವುದಿಲ್ಲ. ಆಮೇಲೆ ಊಟ ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ತಳದಲ್ಲಿ ನಡೆಯಬೇಕಾದದ್ದು ಮೇಲೆ ತೇಲುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ.

ಇದನ್ನು ಎಲ್ಲೋ ಓದಿ ಹೇಳುತ್ತಿಲ್ಲ. ನನ್ನ ತಂಗಿಯ ಮಗಳು ಹತ್ತನೆಯ ಇಯತ್ತೆಯಲ್ಲಿ ಒಳ್ಳೆ ಅಂಕ ತಂದಳೆಂದು ಅವಳಪ್ಪ ಒಂದು ಬಿಳಿ ಆಕ್ಸೊಲಾಟಲ್ ಕೊಡಿಸಿದ. ತೊಟ್ಟಿ, ಲೈಟು, ಪ್ಲಾಸ್ಟಿಕ್ ಗಿಡ, ಐದು ಕಿಲೋ ನೀಲಿ ಹರಳು ಎಲ್ಲವೂ ಒಂದೇ ಬಿಲ್ಲಿನಲ್ಲಿ ಬಂದವು. ಎರಡು ತಿಂಗಳಿಗೆ ಅವಳ ಫೋನು: "ಮಾವಶಿ, ಅದು ಮ್ಯಾಲೇ ತೇಲಾಕತ್ತೈತಿ. ನಾಕು ದಿನ ಆತು, ಏನೂ ತಿಂದಿಲ್ಲ." ನಾನು ಹೋಗಿ ನೋಡಿದೆ. ಬಿಳಿ ಮೈಯ ಪ್ರಾಣಿಯಾದ್ದರಿಂದ ಹೊಟ್ಟೆಯ ಚರ್ಮ ತೆಳು. ಬ್ಯಾಟರಿ ಬೆಳಕು ಬಿಟ್ಟರೆ ಆ ಚರ್ಮದ ಹಿಂದೆ ನೀಲಿ ನೀಲಿಯಾಗಿ ಕಾಣುತ್ತಿತ್ತು. ಹುಡುಗಿ ಅದನ್ನು ನೋಡಿ ಒಂದು ಮಾತೂ ಆಡಲಿಲ್ಲ. ದನದ ಡಾಕ್ಟರು ಬಂದು, ಪಾಪ, ತಮಗೆ ತಿಳಿದಷ್ಟು ನೋಡಿದರು. ಎಕ್ಸರೇ ತೆಗೆಸಬೇಕು, ಕೊಯ್ದು ತೆಗೆಯುವವರು ದೊಡ್ಡ ಊರಲ್ಲಿ ಸಿಕ್ಕಾರು ಎಂದರು. ಅಷ್ಟರೊಳಗೆ ಅದು ತೀರಿಕೊಂಡಿತು.

ಆಮೇಲೆ ನಡೆದದ್ದೇ ನನ್ನ ತಲೆಯಲ್ಲಿ ಕೂತಿರುವುದು. ಮನೆಯ ಹಿರಿಯರೊಬ್ಬರು ಎಂದರು: "ಹೆಣ್ಣಹುಡುಗಿ ಕೈಯಾಗ ಜೀವ ಕೊಟ್ರ ಹಿಂಗ ಆಕ್ಕೈತಿ. ಅವರವ್ವಗರೆ ಕಣ್ಣ ಬ್ಯಾಡೇನು?" ಹರಳು ಮಾರಿದವನು ಬೈಸಿಕೊಳ್ಳಲಿಲ್ಲ. ಕೊಡಿಸಿದವನೂ ಬೈಸಿಕೊಳ್ಳಲಿಲ್ಲ. ದಿನಾ ಕೊಡ ಹೊತ್ತು ತೊಟ್ಟಿಯ ನೀರು ಬದಲಿಸಿದ ತಾಯಿ, ಎರೆಹುಳ ಹುಡುಕಿ ತಂದು ತಿನ್ನಿಸಿದ ಮಗಳು ಇಬ್ಬರೂ ಬೈಸಿಕೊಂಡರು. ಅದೇ ಹಳೆಯ ಪ್ರಶ್ನೆ: ಹಸನು ಮಾಡಿದವರು ಯಾರು?

ನಾನು ಆ ಅಂಗಡಿಗೆ ಹೋದೆ. ಊರಿನ ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ಇಂಥ ಅಂಗಡಿ ಎಲ್ಲ ಊರಲ್ಲೂ ಇವೆ. "ಈ ಪ್ರಾಣಿಗೆ ಈ ಹರಳು ಯಾಕ ಕೊಟ್ರಿ?" ಎಂದು ಕೇಳಿದೆ. "ಅಕ್ಕಾರ, ಎಲ್ಲಾರೂ ಇದನ್ನ ಒಯ್ತಾರ್ರಿ. ಸುಮ್ನ ಉಸುಕ ಹಾಕಿದ್ರ ತೊಟ್ಟಿ ಕಳಾನ ಬರೂದಿಲ್ಲ" ಎಂದರು. ಕಳೆ! ಒಳಗೆ ಬದುಕುವುದು ಪ್ರಾಣಿ, ಹೊರಗಿನಿಂದ ಕಳೆ ನೋಡುವವರು ನಾವು. ಇನ್ನೊಂದು ಮಾತೂ ಸೇರಿಸಿದರು: "ಹಿಂದಿನಿಂದ ಮೀನಿಗೆ ಇದನ್ನೇ ಹಾಕ್ಕೋತ ಬಂದೇವ್ರಿ." ಮೀನಿಗೂ ಇದು ಹಿತವಲ್ಲ ಸ್ವಾಮಿ. ಬಂಗಾರದ ಮೀನು ದಿನವಿಡೀ ತಳ ಕೆದಕಿ ಬಾಯಿಗೆ ಹಾಕಿಕೊಂಡು ಉಗುಳುವ ಪ್ರಾಣಿ. ಅದರ ಗಂಟಲಿಗೆ ಸರಿಯಾಗಿ ಕೂರುವ ಅಳತೆಯ ಹರಳನ್ನೇ ಆರಿಸಿ ಮಾರುತ್ತೇವಲ್ಲ, ಇದಕ್ಕೆ ಏನನ್ನಬೇಕು?

ಹಾಗಾದರೆ ತಳಕ್ಕೆ ಏನು ಹಾಕಬೇಕು? ಸಿಟ್ಟು ಮಾಡಿಕೊಂಡವರು ದಾರಿಯನ್ನೂ ತೋರಿಸಬೇಕು. ಲೆಕ್ಕ ಬಹಳ ಸರಳ. ತಳದಲ್ಲಿ ಇರುವುದು ಒಂದೋ ಆ ಪ್ರಾಣಿಯ ತಲೆಗಿಂತ ದೊಡ್ಡ ನುಣುಪು ಕಲ್ಲಾಗಿರಬೇಕು, ಬಾಯೊಳಗೆ ಹೋಗಲೇಬಾರದು. ಇಲ್ಲವೇ ನುಂಗಿದರೂ ಸಲೀಸಾಗಿ ಹೊರಗೆ ಬರುವಷ್ಟು ಸಣ್ಣ ಉಸುಕಾಗಿರಬೇಕು. ನಡುವಿನದು ಯಾವುದೂ ಬೇಡ. ಸಣ್ಣ ಎಂದರೆ ಎಷ್ಟು ಸಣ್ಣ? ಒಂದು ಮಿಲಿಮೀಟರಿಗಿಂತ ಕಡಿಮೆ. ಇದಕ್ಕೆ ಅಳತೆಪಟ್ಟಿ ಬೇಕಿಲ್ಲ. ನಮ್ಮ ಅಡಿಗೆಮನೆಯ ಡಬ್ಬಿಗಳೇ ಸಾಕು. ಶಿರಾ ಮಾಡುವ ಸಣ್ಣ ರವಾ ಇದೆಯಲ್ಲ, ಉಸುಕು ಅದರ ಹಾಗೆ ಇರಬೇಕು. ಗೋಧಿಯ ದಪ್ಪ ರವಾದ ಹಾಗಿದ್ದರೆ ಬೇಡವೇ ಬೇಡ. ಹಿಟ್ಟಿನ ಹಾಗಿದ್ದರೂ ಬೇಡ. ನೀರು ಕದಡಿ ಅದರ ಕಿವಿರಿಗೆ ಹತ್ತುತ್ತದೆ.

ಸಣ್ಣದಾದರೆ ಸಾಲದು, ಕಾಳು ದುಂಡಗಿರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಈಗ ನಮ್ಮ ಕಡೆ ಮನೆ ಕಟ್ಟಲು ಎಲ್ಲ ಕಡೆ ಎಂ-ಸ್ಯಾಂಡ್ ಬಂದಿದೆ. ಕರಿಕಲ್ಲನ್ನು ಕ್ರಷರಿನಲ್ಲಿ ಒಡೆದು ಪುಡಿ ಮಾಡಿದ್ದು ಅದು. ಗಿಲಾವಿಗೆ, ಸ್ಲ್ಯಾಬಿಗೆ ಒಳ್ಳೆಯದು, ಯಾಕೆಂದರೆ ಮೂಲೆ ಮೂಲೆಯಾಗಿ ಒಡೆದ ಕಾಳು ಸಿಮೆಂಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆ ಮೂಲೆಗಳೇ ಆಕ್ಸೊಲಾಟಲ್‌ಗೆ ಮುಳ್ಳು. ಅದಕ್ಕೆ ಹುರುಪೆ ಇಲ್ಲ, ಕೂದಲಿಲ್ಲ, ಮೈಯೆಲ್ಲ ಲೋಳೆಯ ತೆಳು ಚರ್ಮ. ದಿನವಿಡೀ ಹೊಟ್ಟೆ ಊರಿ ತಳದಲ್ಲಿ ಮಲಗುವ ಜೀವ. ಗಾಜು ಒಡೆದ ನೆಲದ ಮೇಲೆ ಕೂಸನ್ನು ಅಂಬೆಗಾಲಿಗೆ ಬಿಟ್ಟ ಹಾಗಾಗುತ್ತದೆ. ಬಾಗಿಲಲ್ಲಿ ಗುಡ್ಡೆ ಬಿದ್ದಿದೆ, ಪುಕ್ಕಟೆ ಸಿಗುತ್ತದೆ ಎಂದು ಒಂದು ಬುಟ್ಟಿ ತುಂಬಿಕೊಂಡು ಬರಬೇಡಿ.

"ನಮಗೇನು ಬಿಡ್ರಿ, ಕೃಷ್ಣಾ ಹೊಳಿ ಉಸುಕ ಐತಿ" ಎನ್ನುವವರೂ ಇದ್ದಾರೆ. ಹೊಳೆಯ ಉಸುಕು ನೀರಿನಲ್ಲಿ ಉರುಳಿ ಉರುಳಿ ದುಂಡಗಾಗಿರುತ್ತದೆ ಎಂಬುದು ಖರೆ. ಆದರೆ ಅದು ಬರೀ ಉಸುಕಲ್ಲ. ಮಹಾಬಳೇಶ್ವರದ ಕರಿಕಲ್ಲಿನ ಪುಡಿ, ಎರೆಮಣ್ಣಿನ ಸುಣ್ಣದ ಹರಳು, ಶಂಖದ ಚೂರು, ಬಾಟಲಿಯ ಗಾಜು, ಕಬ್ಬಿನ ಗದ್ದೆಗೆ ಹಾಕಿದ ಗೊಬ್ಬರ, ಹೊಡೆದ ಔಷಧ, ಊರೂರಿನ ಗಟಾರದ ನೀರು ಎಲ್ಲವನ್ನೂ ಕಂಡ ಉಸುಕು. 2005ರಲ್ಲಿ, 2019ರಲ್ಲಿ, 2021ರಲ್ಲಿ ಮಹಾಪೂರ ಬಂದು ಇಳಿದ ಮೇಲೆ ಮನೆಯೊಳಗಿನ ರಾಡಿ ಬಳಿದು ಹೊರಹಾಕಿದ ಹೆಂಗಸರಿಗೆ ಹೊಳೆ ಏನೇನು ಹೊತ್ತು ತರುತ್ತದೆ ಎಂದು ನಾನು ಹೇಳಬೇಕೆ?

ಇನ್ನೂ ಒಂದು ಮಾತು. ಹೊಳೆಯ ಉಸುಕು ಹೊಳೆಯ ನೆಲ. ಅದರ ಮೇಲೆ ಮೀನು ಮರಿ ಮಾಡುತ್ತದೆ, ದಂಡೆಯ ಉಸುಕಿನಲ್ಲಿ ಆಮೆ ತತ್ತಿಯಿಡುತ್ತದೆ, ಅದರೊಳಗೆ ನಿಂತ ನೀರೇ ದಂಡೆಯ ಬಾವಿಗಳಿಗೆ ಜಿನುಗುತ್ತದೆ. ದೂಧಗಂಗಾ, ವೇದಗಂಗಾ, ಕೃಷ್ಣೆಯ ನೆಲವನ್ನು ಲಾರಿಗೆ ತುಂಬಿ ಒಯ್ದವರ ಮೇಲೆ ನಮಗೆ ಸಿಟ್ಟಿದ್ದರೆ, ಅದೇ ನೆಲವನ್ನು ಶೋಕಿಯ ತೊಟ್ಟಿಗೆ ತರುವುದು ಯಾವ ನ್ಯಾಯ? ಒಂದು ಜೀವದ ಕಾಲ ಕೆಳಗಿನ ನೆಲ ಕಿತ್ತು ಇನ್ನೊಂದಕ್ಕೆ ಹಾಸುವುದು ಬೇಡ.

ಕೇಳಿ ತರಬೇಕಾದದ್ದು ಫಿಲ್ಟರ್ ಉಸುಕು. ಈಜುಕೊಳದ ನೀರು ಸೋಸಲು, ನೀರು ಶುದ್ಧ ಮಾಡುವ ಘಟಕಗಳಲ್ಲಿ ಬಳಸುವ ಉಸುಕು ಅದು. ಸಿಲಿಕಾದ ಕಾಳು, ತೊಳೆದು, ಸೋಸಿ, ಅಳತೆ ನೋಡಿ ಚೀಲಕ್ಕೆ ತುಂಬಿರುತ್ತಾರೆ. ಚೀಲದ ಮೇಲೆ ಬರೆದ ಅಳತೆ ಅರ್ಧ ಮಿಲಿಮೀಟರಿನ ಆಸುಪಾಸು ಇರಲಿ. ಮೀನಿನಂಗಡಿಯಲ್ಲೇ ತೊಟ್ಟಿಗೆಂದು ಮಾರುವ ಸಣ್ಣ ಉಸುಕೂ ಆಗಬಹುದು, ಬಣ್ಣ ಹಾಕಿರಬಾರದು. ನಿಪ್ಪಾಣಿಯಲ್ಲಿ ವಾಳೂ ಎನ್ನಿ, ಅಥಣಿಯಲ್ಲಿ ಉಸುಕು ಎನ್ನಿ, ಮುಷ್ಟಿಯಲ್ಲಿ ಹಿಡಿದು ನೋಡದೆ ಮಾತ್ರ ರೊಕ್ಕ ಕೊಡಬೇಡಿ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ ನೋಡುವ ನಾವು ಇದಕ್ಕೆ ಯಾಕೆ ನಾಚಬೇಕು?

ಮನೆಗೆ ತಂದ ಮೇಲೆ ಮೂರು ಪರೀಕ್ಷೆ ಮಾಡಿ. ಒಂದು, ಹಸಿ ಉಸುಕನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಚುಚ್ಚಿದರೆ ಬೇಡ. ಎರಡು, ಒಂದು ಚಮಚ ಒಣ ಉಸುಕಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ಬುರುಬುರು ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ನಮ್ಮ ಕಡೆಯ ಬೋರಿನ ನೀರು ಮೊದಲೇ ಗಡಸು, ಒಗೆದ ಬಟ್ಟೆಗೆ ಸಾಬೂನು ನೊರೆ ಬರುವುದಿಲ್ಲವೆಂದು ಗೊಣಗುವವರು ನಾವು. ಅದಕ್ಕೆ ಇನ್ನಷ್ಟು ಸುಣ್ಣ ಬೇಡ. ಮೂರು, ಬಕೆಟಿನಲ್ಲಿ ಉಸುಕು ಹಾಕಿ, ನೀರು ಬಿಟ್ಟು, ಕೈಯಾಡಿಸಿ, ಮೇಲಿನ ಕೆಂಪು ನೀರು ಚೆಲ್ಲಿ. ಅಕ್ಕಿ ತೊಳೆದ ಹಾಗೆಯೇ. ಹತ್ತು ನೀರಾಗಲಿ, ಹದಿನೈದು ನೀರಾಗಲಿ, ತಿಳಿ ಬರುವವರೆಗೂ ತೊಳೆಯಿರಿ. ಚೆಲ್ಲುವ ನೀರು ಕರಿಬೇವಿನ ಗಿಡಕ್ಕೆ ಹೋಗಲಿ. ಸಾಬೂನು, ಪುಡಿ ಏನೂ ಮುಟ್ಟಿಸಬೇಡಿ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಗೆ ಸುಮಾರು 15 ಕಿಲೋ ಉಸುಕು ಸಾಕು. ಎರಡೂವರೆ ಸೆಂಟಿಮೀಟರ್ ದಪ್ಪ ಬರುತ್ತದೆ. ಅದಕ್ಕಿಂತ ದಪ್ಪ ಹಾಸಿದರೆ ಕೆಳಗೆ ಗಾಳಿಯಾಡದೆ ಹೊಲಸು ಕೊಳೆತು, ಕೊಳೆತ ತತ್ತಿಯ ನಾತದ ವಿಷಗಾಳಿ ಕಟ್ಟುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಮೆಲ್ಲಗೆ ಕೆದಕಬೇಕು. ಹರಳಿನ ಇನ್ನೊಂದು ಕೆಡುಕು ಇಲ್ಲಿ ತಿಳಿಯುತ್ತದೆ: ಹರಳಿನ ಸಂದಿಗೆ ಎಂಜಲು, ಹೇಲು ಎಲ್ಲ ಇಳಿದು ಮರೆಯಾಗಿ ಕೊಳೆಯುತ್ತದೆ, ನೀರಿನಲ್ಲಿ ವಿಷ ಕೂಡುತ್ತದೆ. ಉಸುಕಿನ ಮೇಲೆ ಹೊಲಸು ಮೇಲೆಯೇ ಕಾಣುತ್ತದೆ, ಪೈಪಿನಿಂದ ಎಳೆದು ತೆಗೆಯಬಹುದು. ಎರೆಹುಳವನ್ನು ಚಿಮಟಿಯಲ್ಲಿ ಹಿಡಿದು ಬಾಯಿಗೇ ಕೊಟ್ಟರೆ ಉಸುಕು ನುಂಗುವುದೂ ಕಡಿಮೆ.

ಮರಿ ಇನ್ನೂ 12–15 ಸೆಂಟಿಮೀಟರ್ ಬೆಳೆದಿಲ್ಲವೆಂದರೆ ಸಣ್ಣ ಉಸುಕೂ ಬೇಡ, ಬರೀ ಗಾಜಿನ ತಳವಿರಲಿ. ಬೆಳೆದ ಮೇಲೂ ಬರೀ ಗಾಜೇ ಸಾಕು ಎನ್ನುವವರಿದ್ದಾರೆ. ಅದರಿಂದ ಕರುಳು ಕಟ್ಟುವ ಭಯವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಎಣ್ಣೆ ಚೆಲ್ಲಿದ ಫರಶಿಯ ಮೇಲೆ ದಿನವಿಡೀ ನಡೆದು ನೋಡಿ, ಆಗ ಗೊತ್ತಾಗುತ್ತದೆ. ಅದರ ಕಾಲಿಗೆ ಹಿಡಿತ ಬೇಕು. ಉಸುಕು ಸಿಗದಿದ್ದರೆ ಹೊಳಪಿಲ್ಲದ ಒರಟು ಟೈಲ್ಸು ಹಾಸಬಹುದು, ಅಂಚು ಮಾತ್ರ ಉಜ್ಜಿ ನುಣುಪು ಮಾಡಿರಬೇಕು. ಮನೆಯಲ್ಲಿ ಮಿಕ್ಕ ಶಹಾಬಾದ್ ಫರಶಿಯ ತುಂಡು ಇದೆಯಲ್ಲ ಎನ್ನಬೇಡಿ, ಅದು ಸುಣ್ಣದ ಕಲ್ಲು. ವಿನೆಗರ್ ಹಾಕಿ ನೋಡಿ, ಅದೇ ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕಠಿಣವಾದ ಮಾತೊಂದನ್ನು ಆಡಲೇಬೇಕು. ಎಷ್ಟು ಒಳ್ಳೆಯ ಉಸುಕು ಹಾಸಿದರೂ ನೀರು ಬಿಸಿಯಾದರೆ ಈ ಪ್ರಾಣಿ ಬದುಕುವುದಿಲ್ಲ. ಅದಕ್ಕೆ ಹಿತವಾದ ನೀರು 16ರಿಂದ 18 ಡಿಗ್ರಿಯದು. 24 ದಾಟಿದರೆ ಸಂಕಟ ಶುರು. ನಮ್ಮ ಅಥಣಿ, ರಾಯಬಾಗದ ಏಪ್ರಿಲ್ ಬಿಸಿಲು 40ರ ಹತ್ತಿರ ಹೋಗುತ್ತದೆ. ನೀರಿನ ಮೇಲೆ ಫ್ಯಾನು ಬೀಸಿದರೆ ಎರಡು ಮೂರು ಡಿಗ್ರಿ ಇಳಿದೀತು, ಅಷ್ಟೇ. ನೀರು ತಂಪು ಮಾಡುವ ಯಂತ್ರ ಬೇಕು, ಅದು ನಿಲ್ಲದಂತೆ ಕರೆಂಟು ಬೇಕು. ಬೇಸಿಗೆಯಲ್ಲಿ ನಮ್ಮ ಮನೆಯ ಕರೆಂಟಿನ ಭರವಸೆಯನ್ನು ಯಾರು ಕೊಡುತ್ತಾರೆ? ಆದ್ದರಿಂದ ಆ ಯಂತ್ರಕ್ಕೆ ರೊಕ್ಕವಿಲ್ಲದವರು ಈ ಪ್ರಾಣಿಯನ್ನು ತರಬಾರದು. ಮಗು ಅತ್ತರೂ ಸರಿ. ಎರಡು ದಿನ ಅತ್ತು ಮರೆಯುತ್ತದೆ. ಕೈಯಲ್ಲಿ ಸತ್ತ ಜೀವವನ್ನು ಮರೆಯುವುದಿಲ್ಲ.

ಕಾಯಿದೆಯ ಮಾತೂ ಇದೆ. ಆಕ್ಸೊಲಾಟಲ್ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ಅದರ ನಿಯಮಗಳು ಬಂದವು. ಅದರ ಪ್ರಕಾರ ಇಂಥ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು ಸರಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮಾರುವವನ ಬಳಿ ಕಾಗದ ಇದೆಯೇ ಎಂದು ಕೇಳಿ. "ಅದೆಲ್ಲ ಏನೂ ಬ್ಯಾಡ್ರಿ ಅಕ್ಕಾರ" ಎಂದರೆ ಅಂಗಡಿಯ ಮೆಟ್ಟಿಲು ಇಳಿದುಬಿಡಿ. ಸಾಕಲು ಆಗಲಿಲ್ಲವೆಂದು ಹೊಳೆಗೆ ಬಿಡುವ ಪುಣ್ಯವನ್ನೂ ಕಟ್ಟಿಕೊಳ್ಳಬೇಡಿ. ಸೊಚಿಮಿಲ್ಕೊಗೆ ಹೊರಗಿನ ಮೀನು ತಂದು ಬಿಟ್ಟವರೂ ಒಳ್ಳೆಯದಕ್ಕೇ ಬಿಟ್ಟಿದ್ದರು.

"ಕುಡಿಯಾಕ ನೀರಿಲ್ಲದ ನಾಡಿನಾಗ ಇದ್ಯಾವ ಸುಡಗಾಡ ಚಿಂತಿ?" ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಕೇಳುವ ಹಕ್ಕು ಅವರಿಗಿದೆ. ನನ್ನ ಉತ್ತರ ಇಷ್ಟೇ: ಆ ಪ್ರಾಣಿ ತಾನಾಗಿ ನಮ್ಮ ಬಾಗಿಲಿಗೆ ಬಂದು ಕದ ತಟ್ಟಲಿಲ್ಲ. ನಾವು ರೊಕ್ಕ ಕೊಟ್ಟು ತಂದದ್ದು. ತಂದ ಮೇಲೆ ಅದು ಮನೆಯ ಎಮ್ಮೆ, ಆಕಳಿನ ಹಾಗೆಯೇ. ಎಮ್ಮೆಯ ಕೊಟ್ಟಿಗೆಗೆ ಯಾರಾದರೂ ಚೆಂದ ಕಾಣಲೆಂದು ಬಣ್ಣದ ಗಾಜಿನ ಚೂರು ಹಾಸುತ್ತಾರೆಯೇ? ಮಲಗಲು ಒಣ ಹುಲ್ಲು ಹಾಸುತ್ತೇವೆ. ಯಾಕೆಂದರೆ ಎಮ್ಮೆ ಹಾಲು ಕೊಡುತ್ತದೆ. ಕೊಡದ ಜೀವಕ್ಕೆ ಮಾತ್ರ ಏನು ಹಾಸಿದರೂ ನಡೆದೀತು ಎನ್ನುವುದಾದರೆ ನಮ್ಮ ದಯೆಯೆಲ್ಲ ಬರೀ ವ್ಯಾಪಾರ.

ಅಂಗಡಿಯವರಿಗೆ ನನ್ನ ಬೇಡಿಕೆ ಒಂದೇ: ಯಾವ ಪ್ರಾಣಿಗೆ ಯಾವ ತಳ ಎಂದು ಕನ್ನಡದಲ್ಲಿ, ಗಡಿಭಾಗದ ಊರುಗಳಲ್ಲಿ ಮರಾಠಿಯಲ್ಲೂ, ಒಂದು ಚೀಟಿ ಬರೆದು ಅಂಟಿಸಿ. ಖರ್ಚು ಒಂದು ಹಾಳೆ ಕಾಗದ. ಕೊಡಿಸುವ ಗಂಡಸರಿಗೆ ಇನ್ನೊಂದು: ತೊಟ್ಟಿಯ ನೀರು ಹೊರುವವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವಳು ಕೈಯಲ್ಲಿ ಹಿಡಿದು ನೋಡಿದ ಮೇಲೆ ಬಿಲ್ಲು ಮಾಡಿಸಿ. ಅಕ್ಕಂದಿರೆ, ತಂಗಿಯರೆ, ನಿಮಗೆ ಹೇಳುವುದು ಇದು. ನಿಮ್ಮ ಮನೆಯಲ್ಲಿ ಈಗಾಗಲೇ ತೊಟ್ಟಿ ಇದ್ದರೆ, ಅದರೊಳಗೆ ಬಂಗಾರದ ಮೀನೇ ಇರಲಿ, ಆಕ್ಸೊಲಾಟಲ್ ಇರಲಿ, ಈ ಭಾನುವಾರ ಆ ಬಣ್ಣದ ಹರಳನ್ನೆಲ್ಲ ಜರಡಿಯಲ್ಲಿ ಬಾಚಿ ಹೊರಗೆ ತೆಗೆಯಿರಿ. ಹಾಲಿನ ಕಳೆ ಹೋಯಿತೆಂದು ಯಾರಾದರೂ ಗೊಣಗಿದರೆ, ಅವರ ತಟ್ಟೆಯ ಅನ್ನದ ಮೇಲೆ ನಾಲ್ಕು ಹರಳು ಇಟ್ಟು, ಚೆಂದ ಕಾಣುತ್ತದೆ ಉಣ್ಣಿ ಎಂದು ಹೇಳಿ.